ಲೆಕ್ಕಕ್ಕಿಲ್ಲದ ಎಸೆತಗಳು

ಕಾಲುಚೀಲದ ಹೊಲಿಗೆ ಕಿರುಬೆರಳಿಗೆ ಒತ್ತುತ್ತಿದೆ ಅನ್ನಿಸಿ ಲಾಲೊ ಅದನ್ನು ಬಿಚ್ಚಿ, ತಿರುವಿ, ಮತ್ತೆ ಹಾಕಿಕೊಂಡ. ಈಗ ಇನ್ನೊಂದು ಕಾಲಿನದು ಒತ್ತತೊಡಗಿತು. ಕಾಲುಚೀಲದ ತಪ್ಪೇನೂ ಇರಲಿಲ್ಲ. ಅವು ಹೊಸವು, ಕೆಳಗಿನ ಲೀಗಿನಲ್ಲಿ ಕೊಡುವ, ನಾಲ್ಕು ಸಲ ಒಗೆದರೆ ಹಿಮ್ಮಡಿ ಇಣುಕುವ ಚೀಲಗಳಂಥವಲ್ಲ. ಇಲ್ಲಿ, ಬೇಸ್‌ಬಾಲಿನ ದೊಡ್ಡ ಲೀಗಿನ ಈ ಕೋಣೆಯಲ್ಲಿ, ಎಲ್ಲವೂ ಮೆತ್ತಗಿತ್ತು: ಕುರ್ಚಿ, ನೆಲದ ಹಾಸು, ಬೆಳಗಿನ ತಿಂಡಿ ಬಡಿಸುವವರ ಮಾತು ಕೂಡ. ಈ ಮೆತ್ತನೆಯದರ ನಡುವೆ ತಾನೊಬ್ಬನೇ ಗಟ್ಟಿ ಕಲ್ಲಿನಂತೆ ಕೂತಿದ್ದೇನೆ ಅನ್ನಿಸಿ ಅವನಿಗೆ ಬೆನ್ನು ಒರಗಿಸಲೂ ಸಂಕೋಚವಾಯಿತು. ಪಕ್ಕದವನು ಫೋನ್ ಚಾಚಿ, ನೋಡು, ಹಾಲಿಸ್ ಕಳಿಸಿದ್ದಾನೆ, ಅಂದ. ಹಾಲಿಸ್ ಈ ತಂಡದ ಮೊದಲ ಕ್ಯಾಚರ್, ಬ್ಯಾಟ್ ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವವನು. ಅವನ ಹೆಂಡತಿಗೆ ಹೆಣ್ಣುಮಗು ಹುಟ್ಟಿತ್ತು, ಅದಕ್ಕೇ ಅವನಿಗೆ ರಜೆ, ಅದಕ್ಕೇ ಲಾಲೊ ಇಲ್ಲಿ. ಕೆಂಪಗೆ, ಸುಕ್ಕುಸುಕ್ಕಾಗಿ, ಜಗತ್ತಿನ ಮೇಲೆಲ್ಲ ಸಿಟ್ಟು ಮಾಡಿಕೊಂಡಂತಿದ್ದ ಆ ಮುಖವನ್ನು ಲಾಲೊ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ತಾಯೀ, ನಿನ್ನಿಂದಲ್ಲವೇ ನಾನಿಲ್ಲಿ ಕೂತಿರೋದು ಎಂದು ಮನಸ್ಸಿನಲ್ಲೇ ಕೈ ಮುಗಿದ. ನಾಳೆ ಅದರ ಅಪ್ಪ ವಾಪಸ್ಸಾಗುತ್ತಾನೆ. ನಾಳೆ ಲಾಲೊ ಮತ್ತೆ ಕೆಳಗಿನ ಲೀಗಿನ ಬಸ್ಸು ಹತ್ತುತ್ತಾನೆ. ನಡುವೆ ಉಳಿದಿರುವುದು ಇವತ್ತಿನ ಭಾನುವಾರದ ಮಧ್ಯಾಹ್ನದ ಆಟ ಒಂದೇ. ಶುಕ್ರವಾರವೂ ಶನಿವಾರವೂ ಅವನು ಬೆಂಚಿನ ಮೇಲೆ ಕೂತೇ ಕಳೆದಿದ್ದ.

ಕೂತೇ ಕಳೆಯುವುದು ಅವನಿಗೆ ಹೊಸದಲ್ಲ. ಕೆಲವು ವರ್ಷಗಳ ಹಿಂದೆ ಇನ್ನೊಂದು ತಂಡ ಹೀಗೇ ಕರೆಸಿಕೊಂಡಿತ್ತು. ಯಾರದೋ ಬೆರಳು ಮುರಿದಿತ್ತು, ಬಾ ಅಂದರು, ಓಡಿ ಹೋದ. ಡೊಮಿನಿಕನ್ ಗಣರಾಜ್ಯದ ಬನಿ ಊರಿನಿಂದ ಅಮ್ಮ, ಇಬ್ಬರು ಮಾವಂದಿರು, ಹೊಸ ಬಟ್ಟೆ ಹೊಲಿಸಿಕೊಂಡು ವಿಮಾನ ಹತ್ತಿ ಬಂದು, ಜೂನ್ ತಿಂಗಳಲ್ಲೂ ಚಳಿ ಎಂದು ಬೈದುಕೊಂಡು, ಎರಡು ಆಟ ಪೂರ್ತಿ ಕೂತು ನೋಡಿದರು. ಅವರು ನೋಡಿದ್ದು ಲಾಲೊನ ಬೆನ್ನನ್ನು, ಆಟಗಾರರು ಕೂರುವ ಡಗೌಟ್‌ನ ಕಂಬಿಗೆ ಒರಗಿದ ಅವನ ಮೊಣಕೈಯನ್ನು. ಮೂರನೆಯ ಬೆಳಿಗ್ಗೆ ತಂಡದವರು, ತುಂಬ ಉಪಕಾರವಾಯಿತು, ಇನ್ನು ಹೊರಡಬಹುದು ಅಂದರು. ಹೀಗೆ ಮೇಲೆ ಹೋಗಿ ಒಂದು ಚೆಂಡೂ ಮುಟ್ಟದೆ ಇಳಿದು ಬಂದವರನ್ನು ಈ ಆಟದವರು ದೆವ್ವಗಳು ಅನ್ನುತ್ತಾರೆ. ಅಂಗಿ ತೊಟ್ಟಿದ್ದು ನಿಜ, ಫೋಟೊ ಇದೆ, ಆದರೆ ಆಟದ ಲೆಕ್ಕದಲ್ಲಿ ಹೆಸರಿಲ್ಲ. ನಮ್ಮ ಕಡೆ ಮಕ್ಕಳಾಟದಲ್ಲಿ ಚಿಕ್ಕವನನ್ನು ಸೇರಿಸಿಕೊಂಡು ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ, ಹಾಗೆ. ಆ ಚಳಿಗಾಲ ಬನಿಯಲ್ಲಿ ಕ್ಷೌರಕ್ಕೆ ಕೂತಾಗ ಕ್ಷೌರಿಕ ಕೆನ್ನೆಗೆ ನೊರೆ ಹಚ್ಚುತ್ತ ಎಷ್ಟು ಸಲ ಬ್ಯಾಟ್ ಹಿಡಿದೆ ಎಂದು ಕೇಳಿದ್ದ. ಸುತ್ತ ಕೂತವರೆಲ್ಲ ಡೊಮಿನೊ ಆಟದ ಕಾಯಿ ಕೈಯಲ್ಲೇ ಹಿಡಿದು ಕಿವಿ ನಿಮಿರಿಸಿದ್ದರು. ಲಾಲೊ ಒಂದು ಸಲವೂ ಇಲ್ಲ ಎಂದಾಗ ಅವನು, ಅಯ್ಯೋ ಪಾಪ, ಮದುವೆಮನೆಗೆ ಹೋಗಿ ಉಪವಾಸ ಬಂದ ಹಾಗಾಯ್ತಲ್ಲೋ ಅಂದ. ಕುಹಕವಿರಲಿಲ್ಲ, ನಿಜವಾಗಿಯೂ ಮರುಗಿ ಅಂದಿದ್ದ. ಅದೇ ಹೆಚ್ಚು ಚುಚ್ಚಿತು. ಮುಖದ ಅರ್ಧಕ್ಕೆ ನೊರೆ ಇದ್ದುದರಿಂದ ಎದ್ದು ಬರುವಂತೆಯೂ ಇರಲಿಲ್ಲ.

ಅದಕ್ಕೇ ಈ ಸಲ ಯಾರಿಗೂ ಹೇಳಿರಲಿಲ್ಲ. ಹೆಂಡತಿ ಯಾನಿರಿಸ್‌ಗೆ ಮಾತ್ರ ಹೇಳಿ, ಬರಬೇಡ, ಅಮ್ಮನಿಗಂತೂ ಬಾಯಿಬಿಡಬೇಡ ಎಂದು ಆಣೆ ಹಾಕಿಸಿದ್ದ. ಯಾನಿರಿಸ್ ಆಣೆ ಹಾಕಿದಳು. ಆದರೆ ಅವಳ ಆಣೆಯ ಬೆಲೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಇವತ್ತು ಬೆಳಿಗ್ಗೆ ಚರ್ಚಿನಿಂದ ಬಂದ ಅಮ್ಮ ಪ್ರತಿ ಭಾನುವಾರದಂತೆ ಫೋನ್ ಮಾಡಿ, ಹಿತ್ತಲ ಮಾವಿನ ಮರದ ವಿಷಯ ಹೇಳಿದಳು, ಪಕ್ಕದ ಮನೆಯವಳು ಕೊಕ್ಕೆಕೋಲಿನಿಂದ ಹಣ್ಣು ಎಗರಿಸಿದ್ದನ್ನು ಹೇಳಿದಳು, ತಿಂದೆಯಾ ಎಂದು ಕೇಳಿದಳು. ಇವನು ಯಾವ ಊರಿನಲ್ಲಿದ್ದಾನೆ ಎಂದು ಮಾತ್ರ ಕೇಳಲಿಲ್ಲ. ಪ್ರತಿ ವಾರ ಮೊದಲು ಕೇಳುವುದೇ ಅದನ್ನು. ಇವನಿಗೆ ಅರ್ಥವಾಯಿತು, ಅವಳಿಗೂ ಅರ್ಥವಾಗಿರಬೇಕು, ಇಬ್ಬರೂ ಮಾವಿನ ಹಣ್ಣಿನ ಮೇಲೇ ಮಾತು ಮುಗಿಸಿದರು. ಆಮೇಲೆ ಯಾನಿರಿಸ್‌ಗೆ ಫೋನ್ ಮಾಡಿ ರೇಗಿದ.

"ಹೇಳ್ಬಿಟ್ಟೆ ತಾನೆ?"

"ನಾನೆಲ್ಲಿ ಹೇಳ್ದೆ? ಅವ್ರೇ ಕೇಳಿದ್ರು, ನಾನು ಸುಮ್ನಿದ್ದೆ. ಸುಮ್ನಿದ್ದದ್ದೂ ನನ್ ತಪ್ಪಾ?" ಅಂದಳು ಅವಳು. ಮತ್ತೆ, "ಲಾಲೊ, ಇವತ್ತು ಆಡಿಸ್ದೇ ಇದ್ರೂ ಮನೆಗೇ ಬಾ. ಹೋದ್ಸಲದ ಹಾಗೆ ಎಲ್ಲೆಲ್ಲೋ ತಿರುಗ್ಬೇಡ," ಅಂದಳು.

ಆಡಿಸುತ್ತೇನೆ ಎಂದು ಮ್ಯಾನೇಜರ್ ಬ್ರಾನಿಗನ್ ಬಾಯಿಬಿಟ್ಟು ಹೇಳಿದ್ದ, ಬೆಳಗಿನ ಕಾಫಿ ಹಿಡಿದು ಇವನ ಮುಂದೆ ನಿಂತು. ಎರಡನೆಯ ಕ್ಯಾಚರನ ಕಷ್ಟ ನನಗೆ ಗೊತ್ತು ಎಂದಿದ್ದ. ಆ ಕಷ್ಟ ಇಂಥದು: ಮೈದಾನದಲ್ಲಿರುವ ಕ್ಯಾಚರನಿಗೆ ಪೆಟ್ಟಾದರೆ ಇಳಿಸಲು ಒಬ್ಬ ಬೇಕು, ಹೊರಗೆ ಬಂದವನು ಮತ್ತೆ ಇಳಿಯುವಂತಿಲ್ಲ, ಆ ಒಬ್ಬನನ್ನು ಮೊದಲೇ ಇಳಿಸಿಬಿಟ್ಟರೆ ಆಮೇಲೆ ಯಾರೂ ಇಲ್ಲ. ಹಾಗಾಗಿ ಅವನು ಎಷ್ಟು ಬೇಕಾದವನೋ ಅಷ್ಟೇ ಅವನನ್ನು ಮುಟ್ಟುವಂತಿಲ್ಲ, ಮದುವೆಗೆಂದು ಎತ್ತಿಟ್ಟ ಸೀರೆಯ ಹಾಗೆ. ಆದರೆ ಇವತ್ತು ಆಟ ಪೂರ್ತಿ ನಮ್ಮ ಕೈಗೆ ಬಂದರೆ ಒಂಬತ್ತರಲ್ಲಿ ಕೊನೆಯ ಒಂದೆರಡು ಇನ್ನಿಂಗ್ಸ್ ನಿನಗೆ ಬಿಡುತ್ತೇನೆ, ವೆಂಡೆಲ್‌ನ ಮಂಡಿಗೂ ವಿಶ್ರಾಂತಿ ಎಂದ ಬ್ರಾನಿಗನ್. ವೆಂಡೆಲ್ ಕ್ರೌಸ್, ಹಾಲಿಸ್ ಇಲ್ಲದಾಗ ವಿಕೆಟ್ಟಿನ ಹಿಂದೆ ಕೂರುವ ಹಳೆಯ ಹುಲಿ. ಕ್ರಿಕೆಟ್ಟಿನವರ ಬಾಯಿಯಲ್ಲಿ ವಿಕೆಟ್ಟು, ಇಲ್ಲಿ ನೆಲಕ್ಕೆ ಹೂತ ಒಂದು ಬಿಳಿಯ ಹಲಗೆ, ಅಷ್ಟೇ. ವೆಂಡೆಲ್‌ನ ಮಂಡಿಗಳ ಬಗ್ಗೆ ತಂಡದಲ್ಲಿ ತಮಾಷೆಗಳಿದ್ದವು. ಅವನು ಕೂತು ಎದ್ದರೆ ಎರಡನೆಯ ಸಾಲಿನ ಪ್ರೇಕ್ಷಕರಿಗೂ ಸದ್ದು ಕೇಳುತ್ತದೆ ಅನ್ನುತ್ತಿದ್ದರು. ಶುಕ್ರವಾರ ಲಾಲೊ ಚೀಲ ಹಿಡಿದು ಬಾಗಿಲಲ್ಲಿ ನಿಂತು, ತಾನು ಬಂದದ್ದು ಯಾರಿಗೆ ತಿಳಿಸಬೇಕೆಂದು ಗೊತ್ತಾಗದೆ ಒದ್ದಾಡುತ್ತಿದ್ದಾಗ, ಎದ್ದು ಬಂದು ಚೀಲ ಕಿತ್ತುಕೊಂಡು ಒಳಗಿಟ್ಟವನು ಅವನೇ. ಇಲ್ಲಿ ನಿಲ್ಲಬೇಡ, ಹಾಲು ಮಾರೋಕೆ ಬಂದವನು ಅಂದ್ಕೋತಾರೆ ಎಂದಿದ್ದ.

ಆಟ ಶುರುವಾಯಿತು, ಮೈದಾನದಾಚೆಯ ಸರೋವರದ ಕಡೆಯಿಂದ ಒಳ್ಳೆಯ ಗಾಳಿ ಬೀಸುತ್ತಿತ್ತು. ದೇವರು ಕೊಡಲು ನಿಂತರೆ ಹೀಗೂ ಕೊಡುತ್ತಾನಲ್ಲ ಎಂದು ಲಾಲೊಗೆ ಆಶ್ಚರ್ಯವಾಯಿತು. ಎರಡನೆಯ ಇನ್ನಿಂಗ್ಸಿನಲ್ಲಿ ತಂಡಕ್ಕೆ ನಾಲ್ಕು ರನ್, ನಾಲ್ಕನೆಯದರಲ್ಲಿ ಮತ್ತೆ ಮೂರು. ಎದುರಿನವರದು ಸೊನ್ನೆ. ಪ್ರತಿ ರನ್ನಿಗೂ ಅವನು ಕಂಬಿಯ ಬಳಿ ನಿಂತು ಬಂದವರ ಬೆನ್ನು ತಟ್ಟಿದ. ಅದರಲ್ಲಿ ತಂಡದ ಸಂತೋಷ ಎಷ್ಟು, ತನ್ನದು ಎಷ್ಟು ಎಂದು ಬೇರ್ಪಡಿಸಲು ಹೋಗಲಿಲ್ಲ. ಐದನೆಯ ಇನ್ನಿಂಗ್ಸ್ ಮುಗಿದಾಗ ಪ್ಯಾಡ್‌ಗಳನ್ನು ಸುಮ್ಮನೆ ಹತ್ತಿರ ಎಳೆದುಕೊಂಡ. ಎಳೆದುಕೊಂಡದ್ದು ಯಾರಿಗೂ ಕಾಣಬಾರದೆಂದು ಅದರ ಮೇಲೆ ಟವೆಲ್ ಹಾಕಿದ. ಆಗ ಅವನಿಗೆ ಡಗೌಟ್ ತುಂಬ ನಿಶ್ಶಬ್ದವಾಗಿದೆ ಎಂದು ಗಮನಕ್ಕೆ ಬಂತು. ಏಳು ರನ್ನಿನಿಂದ ಗೆಲ್ಲುತ್ತಿರುವ ತಂಡ ಸಂತೆಯಂತೆ ಗಲಗಲ ಅನ್ನಬೇಕು. ಇವರು ಉಗುಳು ನುಂಗಲೂ ಹೆದರಿದವರಂತೆ ಕೂತಿದ್ದರು. ಬೆಂಚಿನ ಆ ತುದಿಯಲ್ಲಿ ಚೆಂಡೆಸೆಯುವ ಪಿಚರ್ ಕೋಲ್ಬಿ ರೀಸ್ ಒಬ್ಬನೇ ಕೂತಿದ್ದ, ಅವನ ಎರಡೂ ಪಕ್ಕ ಜಾಗ ಖಾಲಿ. ಲಾಲೊ ತಲೆಯೆತ್ತಿ ಅಂಕಪಟ್ಟಿ ನೋಡಿದ. ಎದುರಿನವರ ರನ್ನಿನ ಸೊನ್ನೆಯನ್ನು ಅವನು ಆಗಲೇ ಹತ್ತಾರು ಸಲ ನೋಡಿ ಸಂತೋಷಪಟ್ಟಿದ್ದ, ಅದರ ಪಕ್ಕದ ಇನ್ನೊಂದು ಸೊನ್ನೆಯನ್ನು ನೋಡಿರಲಿಲ್ಲ. ಎದುರಿನವರಲ್ಲಿ ಒಬ್ಬನೂ ಇದುವರೆಗೆ ಕೋಲ್ಬಿಯ ಚೆಂಡನ್ನು ಬಾರಿಸಿ, ಓಟದ ಮೊದಲ ನೆಲೆಯಾದ ಬೇಸ್ ಮುಟ್ಟಿರಲಿಲ್ಲ. ಒಂದೂ ಹಿಟ್ ಇಲ್ಲ.

ಇಡೀ ಆಟದಲ್ಲಿ ಒಂದೂ ಹಿಟ್ ಕೊಡದೆ ಮುಗಿಸುವುದು ಒಬ್ಬ ಪಿಚರನ ಬದುಕಿನಲ್ಲಿ ಒಮ್ಮೆ ಬಂದರೆ ಬಂತು. ಬಹಳ ಜನಕ್ಕೆ ಬರುವುದೇ ಇಲ್ಲ. ಅದು ಕಣ್ಣೆದುರು ಬೆಳೆಯುತ್ತಿರುವಾಗ ಅದರ ಹೆಸರೆತ್ತುವಂತಿಲ್ಲ, ರಾತ್ರಿ ಹೊತ್ತು ಹಾವನ್ನು ಹಾವೆನ್ನದೆ ಹುಳ ಅನ್ನುವ ಹಾಗೆ. ಪಿಚರನ ಜೊತೆ ಮಾತಾಡುವಂತಿಲ್ಲ, ಪಕ್ಕ ಕೂರುವಂತಿಲ್ಲ. ಎಲ್ಲಿ ಕೂತಿದ್ದರೋ ಅಲ್ಲೇ ಕೂರಬೇಕು, ಕಾಲು ಮೇಲೆ ಕಾಲು ಹಾಕಿದ್ದವನು ಹಾಕಿಕೊಂಡೇ ಇರಬೇಕು. ಬದಲಾಯಿಸಬಾರದ್ದರಲ್ಲಿ ಮೊದಲನೆಯದು ಕ್ಯಾಚರ್. ಏಳು ರನ್ ಅಲ್ಲ, ಎಪ್ಪತ್ತು ರನ್ ಮುಂದಿದ್ದರೂ ಇನ್ನು ಬ್ರಾನಿಗನ್ ವೆಂಡೆಲ್‌ನನ್ನು ತೆಗೆಯುವುದಿಲ್ಲ. ತೆಗೆದರೆ ಊರಿನವರು ಅವನ ಮನೆಗೆ ಕಲ್ಲು ಹೊಡೆದಾರು. ಲಾಲೊ ಟವೆಲ್ಲಿನ ಮೇಲೆ ಕೈಯಿಟ್ಟುಕೊಂಡು ಕೂತ. ಕೈಗೆ ಬಂದ ತುತ್ತು ಎಂದರೆ ಇದೇ. ಆರನೆಯ ಇನ್ನಿಂಗ್ಸಿನ ಮೊದಲ ಬ್ಯಾಟ್ಸ್‌ಮನ್ ಚೆಂಡನ್ನು ಎತ್ತಿ ಬಾರಿಸಿದಾಗ, ಹೋಗು, ಹೋಗು, ದಾಟು ಎಂದು ತನ್ನೊಳಗೆ ಯಾರೋ ಕೂಗಿದ್ದು ಕೇಳಿಸಿತು. ಚೆಂಡು ಬೇಲಿಯ ಬುಡದಲ್ಲಿ ಕೈಗೆ ಸಿಕ್ಕಿತು, ಮೈದಾನವೆಲ್ಲ ನಿಟ್ಟುಸಿರು ಬಿಟ್ಟಿತು. ಆ ನಿಟ್ಟುಸಿರಿನಲ್ಲಿ ಸೇರದಿದ್ದವನು ಇಡೀ ಮೈದಾನದಲ್ಲಿ, ಆ ಎದುರು ತಂಡವನ್ನು ಬಿಟ್ಟರೆ, ತಾನೊಬ್ಬನೇ. ಅದೂ ಯಾರ ವಿಷಯದಲ್ಲಿ? ಕೋಲ್ಬಿಯ ವಿಷಯದಲ್ಲಿ. ಹುಡುಗ ಶಾಲೆ ಮುಗಿಸಿ ನೇರ ಕೆಳಗಿನ ಲೀಗಿಗೆ ಬಂದು, ಚೆಂಡನ್ನು ಎಲ್ಲೆಂದರಲ್ಲಿ ಎಸೆದು, ಹೋಟೆಲ್ಲಿನ ಬಚ್ಚಲಲ್ಲಿ ಕೂತು ಅತ್ತಿದ್ದಾಗ, ಬಾಗಿಲ ಹೊರಗೆ ಕೂತು ಹೆಬ್ಬೆರಳು ಎಲ್ಲಿಡಬೇಕು, ಉಂಗುರಬೆರಳು ಎಷ್ಟು ಸಡಿಲವಾಗಿರಬೇಕು ಎಂದು ಹೇಳಿಕೊಟ್ಟವನು ಲಾಲೊ. ಯಾನಿರಿಸ್ ಬಾಳೆಕಾಯಿ ಬೇಯಿಸಿ ಅರೆದು ಈರುಳ್ಳಿ ಹಾಕಿ ಕೊಟ್ಟರೆ ಈ ಬಿಳಿಯ ಹುಡುಗ ತಟ್ಟೆ ನೆಕ್ಕುತ್ತಿದ್ದ. ಇವತ್ತು ಎದುರಿನವರನ್ನು ಕಂಗೆಡಿಸುತ್ತಿದ್ದ ನಿಧಾನದ ಎಸೆತ, ಕೈ ಜೋರಾಗಿ ಬೀಸಿ ಚೆಂಡು ಮಾತ್ರ ತೂಕಡಿಸುತ್ತ ಬರುವ ಎಸೆತ, ಆ ಬಚ್ಚಲ ಬಾಗಿಲಲ್ಲಿ ಹುಟ್ಟಿದ್ದು. ಅಂದರೆ ತನ್ನ ದಾರಿಗೆ ಅಡ್ಡ ನಿಂತದ್ದು ತಾನೇ ಕಲಿಸಿದ ವಿದ್ಯೆ. ನಗಬೇಕೆನ್ನಿಸಿತು, ನಗುವುದೂ ನಿಷಿದ್ಧವಾಗಿತ್ತು. ಇವನಿಗೆ ಕೊಡು ದೇವರೇ, ಪೂರ್ತಿ ಕೊಡು ಎಂದು ಕಣ್ಣು ಮುಚ್ಚಿ ಬೇಡಿಕೊಂಡ. ಕಣ್ಣು ಬಿಟ್ಟ ಕೂಡಲೇ, ಒಂದೇ ಒಂದು ಹಿಟ್, ಒಂದು ಸಣ್ಣದು, ಯಾರಿಗೂ ನೋವಾಗದ್ದು ಎಂದಿತು ಮನಸ್ಸು. ಹಾಳಾದ ಮನಸ್ಸು. ಏಳನೆಯ ಇನ್ನಿಂಗ್ಸಿನಲ್ಲೂ ಹಿಟ್ ಬೀಳಲಿಲ್ಲ. ತನ್ನ ಮುಖ ಯಾರಿಗೂ ಕಾಣದಿರಲೆಂದು ಲಾಲೊ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡ.

ಏಳನೆಯದರ ಕೊನೆಯಲ್ಲಿ ಇವರ ತಂಡ ಬ್ಯಾಟ್ ಮಾಡುತ್ತಿದ್ದಾಗ ವೆಂಡೆಲ್ ಎರಡನೆಯ ಬೇಸಿನಲ್ಲಿ ನಿಂತಿದ್ದ, ಅಷ್ಟರಲ್ಲಿ ಮೂರನೆಯವನು ಔಟಾಗಿ ಇವರ ಸರದಿ ಮುಗಿಯಿತು. ವೆಂಡೆಲ್ ಕುಂಟುತ್ತ ಬಂದು ಪ್ಯಾಡ್ ಕಟ್ಟಿಕೊಳ್ಳುವವರೆಗೆ ಪಿಚರನ ಕೈ ಬೆಚ್ಚಗಾಗಿಸಲು ಯಾರಾದರೂ ಹೋಗಿ ಕೂರಬೇಕು. ಅದು ಎರಡನೆಯ ಕ್ಯಾಚರನ ಕೆಲಸ. ಬ್ರಾನಿಗನ್ ಗಲ್ಲ ಆಡಿಸಿದ, ಲಾಲೊ ಗ್ಲೌಸು ಮಾಸ್ಕು ಹಿಡಿದು ಓಡಿದ. ಹೀಗೆ ದೊಡ್ಡ ಲೀಗಿನ ಆ ಬಿಳಿಯ ಹಲಗೆಯ ಹಿಂದೆ, ತುಂಬಿದ ಗ್ಯಾಲರಿಯ ಎದುರು, ಅವನು ಮೊದಲ ಸಲ ಕೂತ. ಇದೂ ಲೆಕ್ಕಕ್ಕಿಲ್ಲದ್ದೇ. ಈ ಎಸೆತಗಳನ್ನು ಯಾರೂ ಬರೆದುಕೊಳ್ಳುವುದಿಲ್ಲ, ಜನ ಈ ಹೊತ್ತಿನಲ್ಲೇ ಎದ್ದು ಬಿಯರ್ ತರಲು ಹೋಗುತ್ತಾರೆ. ಆದರೆ ಇವತ್ತು ಯಾರೂ ಏಳಲಿಲ್ಲ. ಕೋಲ್ಬಿ ಎಸೆದ, ಚೆಂಡು ಬಂದು ಅಂಗೈಗೆ ಬಡಿಯಿತು, ಆ ಸದ್ದು ಲಾಲೊಗೆ ಹಳೆಯ ಮನೆಯ ಬಾಗಿಲಿನ ಸದ್ದಿನಷ್ಟು ಪರಿಚಿತವಾಗಿತ್ತು. ಮತ್ತೆ ಎಸೆದ, ಮತ್ತೆ. ಮೈ ತಾನೇ ತಾನಾಗಿ ಹಗುರವಾಯಿತು. ಕೆಳಗಿನ ಲೀಗಿನ ಖಾಲಿ ಗ್ಯಾಲರಿಗಳು, ಸೊಳ್ಳೆ, ಗೋಡೆಯ ಮೇಲಿನ ಟೈರಿನ ಜಾಹೀರಾತು, ಎಲ್ಲವೂ ಬಂದು ಸುತ್ತ ನಿಂತವು. ಅಲ್ಲಿ ಇವರಿಬ್ಬರಿಗೆ ಒಂದು ರೂಢಿ ಇತ್ತು. ಬೆಚ್ಚಗಾಗಿಸುವ ಎಸೆತಗಳಲ್ಲಿ ಕೊನೆಯದಕ್ಕೆ ಮೊದಲು ಲಾಲೊ ಎದ್ದು ಹೋಗಿ ಚೆಂಡನ್ನು ಕೋಲ್ಬಿಯ ಕೈಯಲ್ಲೇ ಇಡುತ್ತಿದ್ದ, ಇಟ್ಟು ಊಟದ ಮಾತಾಡುತ್ತಿದ್ದ. ಈಗಲೂ ಎದ್ದು ಹೋದ. ಏಳುವಾಗ ಯೋಚಿಸಲಿಲ್ಲ, ನಡೆಯುವಾಗಲೂ ಯೋಚಿಸಲಿಲ್ಲ. ಚೆಂಡು ಕೋಲ್ಬಿಯ ಕೈಗಿಟ್ಟು, "ಆಟ ಮುಗಿದ್ಮೇಲೆ ಏನ್ ತಿನ್ನೋಣೋ?" ಅಂದ.

ಕೋಲ್ಬಿ ಅವನನ್ನು ನೋಡಿದ. ಐದನೆಯ ಇನ್ನಿಂಗ್ಸಿನಿಂದ ಅವನ ಕಿವಿಗೆ ಬಿದ್ದ ಮನುಷ್ಯರ ಮೊದಲ ಮಾತು ಅದು. "ಕೋಳಿ," ಅಂದ. ಆಗಲೇ ಲಾಲೊಗೆ ತಾನೆಲ್ಲಿ ನಿಂತಿದ್ದೇನೆಂದು ತಿಳಿದದ್ದು. ಹತ್ತಿರದ ಗ್ಯಾಲರಿಯಿಂದ ಗುಜುಗುಜು ಎದ್ದಿತು. ಬೇಸ್‌ಗಳ ಬಳಿ ನಿಂತವರು ಕಲ್ಲಾಗಿದ್ದರು. ಹಲಗೆಯ ಹಿಂದೆ ಪ್ಯಾಡ್ ಕಟ್ಟಿಕೊಂಡು ಬಂದು ನಿಂತಿದ್ದ ವೆಂಡೆಲ್ ಮಾಸ್ಕನ್ನು ಮುಖದ ಮೇಲೆ ಎಳೆದುಕೊಂಡ. ಲಾಲೊ ಓಡಿಬಂದು ಡಗೌಟ್‌ನ ಮೆಟ್ಟಿಲಿಳಿದು ನೀರಿನ ಡಬ್ಬಿಯ ಪಕ್ಕ ಮೂಲೆಯಲ್ಲಿ ನಿಂತ. ಹಳೆಯ ಜಾಗಕ್ಕೆ ಹೋಗಿ ಕೂರಲೂ ಧೈರ್ಯವಾಗಲಿಲ್ಲ.

ಎಂಟನೆಯ ಇನ್ನಿಂಗ್ಸಿನ ಎರಡನೆಯ ಎಸೆತದಲ್ಲೇ ಹಿಟ್ ಬಿತ್ತು. ಬ್ಯಾಟ್ ಹಿಡಿದಿದ್ದವನು ಎದುರಿನವರ ಕೊನೆಯ ಸಾಲಿನ ಒಬ್ಬ ಸಣಕಲ, ಹಿಂದೆ ಎರಡು ಸಲ ಬಂದು ಎರಡು ಸಲವೂ ತಲೆ ಕೆಳಗೆ ಹಾಕಿ ಹೋಗಿದ್ದವನು. ಚೆಂಡು ಬ್ಯಾಟಿನ ತುದಿಗೆ ತಾಗಿ, ಏನೂ ಅವಸರವಿಲ್ಲದೆ ಮೇಲೆದ್ದು, ಹಿಂದಕ್ಕೆ ಓಡುತ್ತಿದ್ದವನ ಗ್ಲೌಸಿಗೂ ಮುಂದಕ್ಕೆ ಓಡಿಬರುತ್ತಿದ್ದವನ ಗ್ಲೌಸಿಗೂ ನಡುವಿನ ಹುಲ್ಲಿನ ಮೇಲೆ ಕೂತಿತು. ಒಂದು ಸಣ್ಣದು, ಯಾರಿಗೂ ನೋವಾಗದ್ದು. ಹೇಗೆ ಕೇಳಿದ್ದನೋ ಹಾಗೇ. ಎದೆಯೊಳಗೆ ಒಂದು ಖುಷಿ ಕರು ಹಗ್ಗ ಹರಿದುಕೊಂಡಂತೆ ಜಿಗಿಯಿತು. ಜಿಗಿದದ್ದು ಮೊದಲು, ಅಯ್ಯೋ ಅಂದದ್ದು ಆಮೇಲೆ. ಆ ಹಿಂದುಮುಂದನ್ನು ಲಾಲೊ ಇನ್ನು ಯಾವತ್ತೂ ಮರೆಯುವಂತಿರಲಿಲ್ಲ. ಇಡೀ ಮೈದಾನ ಉಸಿರು ಬಿಟ್ಟಿತು, ಆಮೇಲೆ ಎದ್ದು ನಿಂತು ಕೋಲ್ಬಿಗೆ ಚಪ್ಪಾಳೆ ತಟ್ಟಿತು. ಕೋಲ್ಬಿ ಟೋಪಿ ತೆಗೆದು ಹಣೆ ಒರೆಸಿಕೊಂಡು ಮತ್ತೆ ಹಾಕಿಕೊಂಡ. ಲಾಲೊ ಕೂಡ ಚಪ್ಪಾಳೆ ತಟ್ಟಿದ, ಅಂಗೈ ಉರಿಯುವಷ್ಟು. ಯಾರಾದರೂ ತಿರುಗಿ ತನ್ನನ್ನು ಬೈಯಲಿ ಎಂದು ಕಾದ. ಕೆಳಗಿನ ಲೀಗಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಯಾವನಾದರೂ ಟೋಪಿ ಎಸೆದಿರುತ್ತಿದ್ದ, ಜನ್ಮ ಜಾಲಾಡಿರುತ್ತಿದ್ದ. ಇಲ್ಲಿ ಅಷ್ಟು ಜನರಲ್ಲಿ ಒಬ್ಬನೂ ಅವನ ಕಡೆ ತಿರುಗಲಿಲ್ಲ. ನೀರು ಕುಡಿಯಲು ಬಂದವನು ಲೋಟವನ್ನೇ ನೋಡಿ ಕುಡಿದು ಹೋದ. ಬೈಗುಳವನ್ನಾದರೂ ತಾಳಬಹುದಿತ್ತು. ಬನಿಯ ಕ್ಷೌರದ ಕುರ್ಚಿಯೇ ವಾಸಿ ಅನ್ನಿಸಿತು, ಅಲ್ಲಿ ಮುಖದ ಅರ್ಧವಾದರೂ ನೊರೆಯಲ್ಲಿ ಮುಚ್ಚಿತ್ತು.

ಕೋಲ್ಬಿ ಉಳಿದ ಮೂವರನ್ನು ಔಟು ಮಾಡಿ ಬಂದಾಗ ಕಟ್ಟೆ ಒಡೆದ ಹಾಗೆ ಎಲ್ಲರೂ ಅವನೊಂದಿಗೆ ಮಾತಾಡಿದರು, ತಬ್ಬಿದರು, ತಲೆಗೆ ಮೊಟಕಿದರು. ಆ ಗದ್ದಲದ ಅಂಚಿನಲ್ಲಿ ಬ್ರಾನಿಗನ್ ಬಂದು ಲಾಲೊನ ಮುಂದೆ ನಿಂತ. ಅವನೂ ಇವನ ಮುಖ ನೋಡಲಿಲ್ಲ, ಮೈದಾನದ ಕಡೆ ನೋಡುತ್ತಲೇ, ಒಂಬತ್ತನೆಯದು ನಿನ್ನದು, ಕಟ್ಟಿಕೋ ಎಂದು ಹೇಳಿ ಹೋದ. ಇಷ್ಟು ವರ್ಷ ಕಾದ ಮಾತು ಇದು. ಅವನು ಕನಸಿನಲ್ಲಿ ಕೇಳಿಸಿಕೊಂಡಾಗ ಅದಕ್ಕೆ ಹೀಗೆ ಕಹಿ ಇರಲಿಲ್ಲ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೆಂಚಿನ ಮೇಲೆ ಕೂತು ಪ್ಯಾಡಿನ ಕೊಂಡಿ ಹಾಕಲು ಹೋದರೆ ಕೊಂಡಿ ಜಾರಿತು. ಚಿಕ್ಕಂದಿನಿಂದ ಕತ್ತಲಲ್ಲೂ ಹಾಕುತ್ತಿದ್ದ ಕೊಂಡಿ. ಮತ್ತೆ ಹಾಕಿದ, ಮತ್ತೆ ಜಾರಿತು. ಆಗ ಎದುರಿಗೆ ಯಾರೋ ಮಂಡಿಯೂರಿದರು, ಮಂಡಿಯ ಸದ್ದಿನಿಂದಲೇ ಯಾರೆಂದು ಗೊತ್ತಾಯಿತು. ವೆಂಡೆಲ್ ತನ್ನ ಪ್ಯಾಡ್ ಬಿಚ್ಚಿ ಎಸೆದು ಬಂದು, ಬೆವರಿಳಿಯುವ ತಲೆಯನ್ನು ಬಗ್ಗಿಸಿ, ಲಾಲೊನ ಕಾಲು ಹಿಡಿದುಕೊಂಡು ಒಂದೊಂದೇ ಕೊಂಡಿ ಹಾಕತೊಡಗಿದ.

"ನಾನು ಮಾತಾಡ್ಬಾರ್ದಿತ್ತು," ಅಂದ ಲಾಲೊ.

"ಕಾಲು ಚಾಚು," ಅಂದ ವೆಂಡೆಲ್.

"ವೆಂಡೆಲ್, ನಾನು ಬೇಕೂಂತ..."

"ಇನ್ನೊಂದು ಕಾಲು."

ಎರಡೂ ಕಾಲು ಮುಗಿಸಿ, ಎದೆಯ ಕವಚದ ಪಟ್ಟಿಯನ್ನು ಬೆನ್ನ ಹಿಂದೆ ಬಿಗಿದು, ಹೆಗಲಿಗೊಂದು ಗುದ್ದು ಗುದ್ದಿ, ವೆಂಡೆಲ್ ಮಂಜುಗಡ್ಡೆಯ ಚೀಲ ಹುಡುಕಿಕೊಂಡು ಹೋದ. ಧ್ವನಿವರ್ಧಕದಲ್ಲಿ ಲಾಲೊನ ಹೆಸರು ಹೇಳಿದರು, ಪೆಗೆರೊ ಎಂಬ ಮನೆಹೆಸರನ್ನು ತಪ್ಪಾಗಿ, ಯಾವುದೋ ಔಷಧಿಯ ಹೆಸರಿನಂತೆ ಹೇಳಿದರು. ಜನ ಸೌಜನ್ಯಕ್ಕೆ ನಾಲ್ಕು ಚಪ್ಪಾಳೆ ತಟ್ಟಿದರು. ಅಂಪೈರ್ ದಪ್ಪನೆಯ, ವಯಸ್ಸಾದ ಮನುಷ್ಯ, ಮಾಸ್ಕಿನ ಒಳಗಿಂದ, ಮೊದಲ ಸಲವಾ ಎಂದು ಕೇಳಿದ. ಹೌದು ಅಂದ ಲಾಲೊ. ಅಂಪೈರ್ ಜೇಬಿನಿಂದ ಕುಂಚ ತೆಗೆದು, ಹಲಗೆಯ ಮುಂದೆ ಬಗ್ಗಿ, ಧೂಳೇ ಇಲ್ಲದ ಹಲಗೆಯನ್ನು ಗುಡಿಸಿದ. ಒಂದು ಮೂಲೆ ಗುಡಿಸಿ ನಿಂತು ನೋಡಿದ, ಇನ್ನೊಂದು ಮೂಲೆ ಗುಡಿಸಿದ. ಬ್ಯಾಟ್ಸ್‌ಮನ್ ಕೂಡ ಅದೇನೋ ನೆನಪಾದವನಂತೆ ಹಿಂದೆ ಸರಿದು ಕೈಗವಸು ಬಿಚ್ಚಿ ಕಟ್ಟಿಕೊಂಡ. ಯಾತಕ್ಕೆ ಹೀಗೆ ತಡಮಾಡುತ್ತಿದ್ದಾರೆಂದು ಲಾಲೊಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸುತ್ತ ನೋಡಿಕೋ, ಎಷ್ಟು ಬೇಕೋ ಅಷ್ಟು ನೋಡಿಕೋ ಎಂದು ಗುರುತಿಲ್ಲದ ಇಬ್ಬರು ಅವನಿಗೆ ಹೊತ್ತು ಕೊಡುತ್ತಿದ್ದರು. ಅವನು ನೋಡಿದ. ಹಸಿರು, ಜನ, ಸರೋವರದ ಮೇಲಿನ ಬಿಳಿಯ ಆಕಾಶ, ನಡುವೆ ಚೆಂಡೆಸೆಯುವ ದಿಬ್ಬದ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ಕೋಲ್ಬಿ. ಇಷ್ಟಕ್ಕೆ ನಾನು ಯೋಗ್ಯನೋ ಅಲ್ಲವೋ, ಕೊಟ್ಟವರು ಮಾತ್ರ ದೊಡ್ಡವರು ಎಂದುಕೊಂಡು ಕೆಳಗೆ ಕೂತ.

ಮೊದಲ ಎಸೆತದ ಬಗ್ಗೆ ಆಮೇಲೆ ಎಷ್ಟೋ ಜನ ಕೇಳಿದರು, ಅವನಿಗೆ ಹೇಳಲು ಏನೂ ಇರಲಿಲ್ಲ. ಆ ಎಸೆತ ಬರುವಾಗ ಅವನು ತನ್ನ ಹೆಸರು ಲೆಕ್ಕಕ್ಕೆ ಸೇರಿದ್ದನ್ನಾಗಲೀ ದೆವ್ವದ ಜನ್ಮ ಕಳೆದದ್ದನ್ನಾಗಲೀ ನೆನೆಯಲಿಲ್ಲ, ಕೋಲ್ಬಿಯ ಮೊಣಕೈ ಇಳಿಯುತ್ತಿದೆ, ಹುಡುಗ ಸುಸ್ತಾಗಿದ್ದಾನೆ ಎಂದು ನೋಡುತ್ತಿದ್ದ. ಎರಡು ಬೆರಳು ಸಡಿಲಿಸಿ ನಿಧಾನದ್ದನ್ನೇ ಹಾಕು ಎಂದು ಸನ್ನೆ ಮಾಡಿದ. ಬ್ಯಾಟಿಗೆ ಸವರಿದ ಚೆಂಡೊಂದು ಕೊರಳೆಲುಬಿಗೆ ಬಡಿದು ಕಣ್ಣು ಕತ್ತಲಿಟ್ಟಿತು. ಅಂಪೈರ್ ಮತ್ತೆ ಹಲಗೆ ಗುಡಿಸಿ ಅವನಿಗೆ ಉಸಿರು ತೆಗೆದುಕೊಳ್ಳಲು ಬಿಟ್ಟ. ಕೆಲಸ ಎಂದರೆ ಕೆಲಸ, ಅದರೊಳಗೆ ಹೊಕ್ಕ ಮೇಲೆ ಅವನಿಗೆ ತಾನು ನೆನಪಾಗಲಿಲ್ಲ. ಕೊನೆಯ ಬ್ಯಾಟ್ಸ್‌ಮನ್ ನೆಲಕ್ಕೆ ಹೊಡೆದ, ಚೆಂಡು ಹಿಡಿದವನು ಮೊದಲ ಬೇಸಿಗೆ ಎಸೆದ. ಎಸೆತ ತಪ್ಪಿದರೆ ತಡೆಯಲು ಹಿಂದೆ ಓಡುವುದು ಕ್ಯಾಚರನ ಕರ್ತವ್ಯವಾದ್ದರಿಂದ ಲಾಲೊ ಓಡಿದ್ದ. ತಪ್ಪಲಿಲ್ಲ. ಹಾಗಾಗಿ ಆಟ ಮುಗಿದು ಎಲ್ಲರೂ ದಿಬ್ಬದ ಬಳಿ ಸೇರಿದಾಗ ಅವನೊಬ್ಬ ದೂರದ ಬೇಲಿಯ ಹತ್ತಿರ, ಮಾಸ್ಕನ್ನು ನೆತ್ತಿಗೇರಿಸಿಕೊಂಡು ನಿಂತಿದ್ದ. ಅಲ್ಲಿಂದ ನಡೆದು ಬರುವಷ್ಟು ದೂರವೂ ಹೇಳಬೇಕಾದ್ದನ್ನು ಜೋಡಿಸಿಕೊಂಡ. ಇದನ್ನು ಹೇಳದೆ ಈ ಊರು ಬಿಟ್ಟರೆ ತಿಂದದ್ದು ಮೈಗೆ ಹತ್ತುವುದಿಲ್ಲ ಅನ್ನಿಸಿತ್ತು.

ಕೋಲ್ಬಿ ಕೈ ಚಾಚಿದ. ಲಾಲೊ ಆ ಕೈಯನ್ನು ಹಿಡಿದುಕೊಂಡೇ, "ಅವನು ಹೊಡೀಲಿ ಅಂತ ಬೇಡ್ಕೊಂಡಿದ್ದೆ ಕಣೋ," ಅಂದ. "ಆರನೇದ್ರಿಂದ. ನಿನ್ ಮೇಲೆ ಆಣೆ, ನಿಂಗೂ ಬೇಡ್ಕೊಂಡೆ. ಆದ್ರೆ ಅದನ್ನೂ ಬೇಡ್ಕೊಂಡೆ."

"ಗೊತ್ತು," ಅಂದ ಕೋಲ್ಬಿ.

"ಏನು ಗೊತ್ತು?"

"ಎಲ್ಲಾರ್ಗೂ ಗೊತ್ತಿತ್ತು ಲಾಲೊ. ನಿನ್ ಮುಖ ನೀನು ನೋಡ್ಕೋಬೇಕಿತ್ತು, ಟೋಪಿ ಎಳ್ಕೊಂಡ್ರೆ ಮುಚ್ಚೋ ಮುಖಾನಾ ಅದು? ಏಳನೇದ್ರಲ್ಲಿ ವೆಂಡೆಲ್ ಎಲ್ಲಾರ್ ಹತ್ರ ಹೋಗಿ ಹೇಳಿದ್ನಂತೆ, ಅವನ ಕಡೆ ಯಾರೂ ನೋಡ್ಬೇಡಿ, ಅವನ ಪಾಡಿಗೆ ಅವನು ಆಸೆ ಪಟ್ಕೊಳ್ಲಿ, ನಾವೆಲ್ಲ ಆ ಮೂಲೇಲಿ ಕೂತು ಬಂದವ್ರೇ ಅಂತ." ಕೋಲ್ಬಿ ಮೂಗೊರೆಸಿಕೊಂಡ. "ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಇನ್ನೂ ಉರೀತಿದೆ. ಆದ್ರೆ ಆ ಹೊತ್ತಲ್ಲಿ ನನ್ ಹತ್ರ ಮಾತಾಡ್ದೋನು ನೀನೊಬ್ನೇ."

ಒದ್ದೆಯಾದ ಕಣ್ಣು ಕಾಣದಿರಲೆಂದು ಲಾಲೊ ನೆತ್ತಿಯ ಮೇಲಿದ್ದ ಮಾಸ್ಕನ್ನು ಅವಸರದಲ್ಲಿ ಮುಖದ ಮೇಲೆ ಎಳೆದುಕೊಂಡು, ಮುಗಿದ ಆಟದ ನಡುವೆ, ದಿಬ್ಬದ ಮೇಲೆ ಹಾಗೇ ನಿಂತುಬಿಟ್ಟ. ಕಂಬಿಗಳ ಸಂದಿಯಿಂದ ಅವನಿಗೆ ತಂಡದವರೆಲ್ಲ ಕಾಣುತ್ತಿದ್ದರು. ವೆಂಡೆಲ್ ಮಂಡಿಗೆ ಮಂಜುಗಡ್ಡೆ ಒತ್ತಿಕೊಂಡು ಅಂಕಪಟ್ಟಿ ನೋಡುತ್ತಿದ್ದ, ಬ್ರಾನಿಗನ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ, ಕೋಲ್ಬಿ ಸರೋವರದ ಕಡೆ ತಿರುಗಿದ್ದ. ಒಬ್ಬನೂ ಅವನ ಕಡೆ ನೋಡುತ್ತಿರಲಿಲ್ಲ.